ಅಳದ ತೋಳ

ತೋಳ ಅಳಲೇ ಇಲ್ಲ. ಸತ್ತ ಮರಿಯನ್ನು ಮೂಸಿತು, ಮೂತಿಯಿಂದ ಮೆಲ್ಲಗೆ ತಳ್ಳಿ ನೋಡಿತು, ಆಮೇಲೆ ಹೊಂಡಕ್ಕೆ ಹೋಗಿ ನೀರು ಕುಡಿಯಿತು. ಜೇಜುರಿ ಊರಿನ ಆಚೆ ಹುಲ್ಲುಗಾವಲಿನಲ್ಲಿ ತೆಗೆದ ಈ ದೃಶ್ಯವನ್ನು ಬೆಳಗಿನಿಂದ ತಿರುತಿರುಗಿ ನೋಡುತ್ತಿದ್ದೆ.

ವನ್ಯಜೀವಿ ಚಿತ್ರಗಳಿಗೆ ಸದ್ದು ಮಾಡಿಕೊಡುವುದು ನನ್ನ ಕೆಲಸ. ಕ್ಯಾಮೆರಾ ಅಷ್ಟು ದೂರದಿಂದ ನೋಡುತ್ತದೆ, ಅದಕ್ಕೆ ಏನೂ ಕೇಳಿಸುವುದಿಲ್ಲ. ಪುಣೆಯ ಈ ಕೋಣೆಯಲ್ಲಿ ಕಾರ್ನ್‌ಫ್ಲೋರ್ ಚೀಲ ಹಿಸುಕಿದರೆ ತೆರೆಯಲ್ಲಿ ಹಿಮದ ಮೇಲೆ ಕರಡಿ ನಡೆಯುತ್ತದೆ. ಇದರಲ್ಲಿ ಮೋಸವೇನಿಲ್ಲ ಎಂದೇ ನಂಬಿದ್ದೆ.

"ಇಲ್ಲೊಂದು ಅಳು ಹಾಕ್ರಿ ನೀಲಿಮಾ," ಅಂದ ನಿರ್ದೇಶಕ ಋಷಿಕೇಶ. ಅವನೂ ನಮ್ಮ ಧಾರವಾಡ ಕಡೆಯವನೇ.

"ಅದು ಅತ್ತಿಲ್ಲರಿ."

"ತಾಯಿ ಅಳಲಿಲ್ಲಂದ್ರ ಯಾರು ನಂಬ್ತಾರ್ರಿ?"

ಮೈಯೆಲ್ಲ ಉರಿದುಹೋಯಿತು. ಹಿಂದೆ ಬೇಟೆಯ ಚಿತ್ರ ತೆಗೆಯುತ್ತಿದ್ದವರು ಬಂದೂಕಿನ ಪಕ್ಕ ಕ್ಯಾಮೆರಾ ಇಟ್ಟು ಪ್ರಾಣಿಗಳನ್ನು ರಾಕ್ಷಸರನ್ನಾಗಿ ತೋರಿಸಿದರು. ಈಗ ನಾವು ಅವನ್ನು ಸಂಸಾರಸ್ಥರನ್ನಾಗಿ ಮಾಡುತ್ತಿದ್ದೇವೆ. ಅವು ಇದ್ದ ಹಾಗೆ ಇರಲು ಬಿಟ್ಟರೆ ನಮ್ಮ ಗಂಟೇನು ಹೋಗುತ್ತದೋ!

ನನ್ನ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಕಳೆದ ಮಳೆಗಾಲದಲ್ಲಿ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದವಳೇ ಹಸಿವಾಗಿ ರೊಟ್ಟಿ ತಿಂದೆ. ಅಂದಿನಿಂದ ಅತ್ತೆ ರಂಗೂಬಾಯಿ ನನ್ನ ಮುಖವನ್ನೇ ಕಾಯುತ್ತಿದ್ದಾರೆ. "ಅತ್ತುಬಿಡವಾ, ಹಗುರ ಆಗ್ತದ" ಎಂದು ನನಗೆ ಹೇಳುತ್ತಾರೆ, ಪಕ್ಕದ ಮನೆಯವರಿಗೆ "ಕಲ್ಲಿನಂಥಾಕಿ" ಎನ್ನುತ್ತಾರೆ. ಅಳು ಬರುವುದಿಲ್ಲ, ಏನು ಮಾಡಲಿ? ದುಃಖ ಬೆಟ್ಟದಷ್ಟಿದೆ, ಕೂತಲ್ಲಿ ಕೂರಲು ಬಿಡುವುದಿಲ್ಲ, ಮನೆಯೆಲ್ಲ ಸುತ್ತಿಸುತ್ತದೆ. ನನ್ನ ಹಾಗಿರುವ ಜೀವ ಅಂತ ಸಿಕ್ಕಿದ್ದು ಆ ತೋಳ ಒಂದೇ. ಅದಕ್ಕೂ ಅಳು ಅಂಟಿಸಲು ಬಿಡಬಾರದೆಂದುಕೊಂಡೆ.

ಬೋಗುಣಿಯಲ್ಲಿ ನೀರು ಹಾಕಿ, ಮೈಕ್ ಮುಂದೆ ಬಾಗಿ, ನಾಲಿಗೆಯಿಂದಲೇ ನೆಕ್ಕಿದೆ. ತೋಳ ನೀರು ಕುಡಿಯುವ ಸದ್ದನ್ನಷ್ಟೇ ಮಾಡಿಕೊಟ್ಟೆ.

"ನನ್ನಿಂದ ಇಷ್ಟೇ ಆಗೋದ್ರಿ."

"ಬಿಡ್ರಿ," ಋಷಿಕೇಶ ನಕ್ಕ. "ಹಳೇ ರೆಕಾರ್ಡಿಂಗ್‌ನ್ಯಾಗ ನಾಯಿ ಅಳೂದು ಅದ. ಅದನ್ನ ಹಚ್ತೀನಿ."

ಹಚ್ಚಿಯೇ ಬಿಟ್ಟ. ಮೊದಲ ಪ್ರದರ್ಶನಕ್ಕೆ ಅತ್ತೆಯೂ ನನ್ನ ಜೊತೆ ಬಂದಿದ್ದರು. ತೆರೆಯ ಮೇಲೆ ತೋಳ ಮರಿಯನ್ನು ಮೂಸಿತು, ಯಾವುದೋ ನಾಯಿ ಗೋಳಿಟ್ಟಿತು. ನೀರು ಕುಡಿಯುವುದನ್ನು ಕತ್ತರಿಸಿ ಹಾಕಿದ್ದರು. ಸುತ್ತಲೂ ಜನ ಮೂಗು ಎಳೆದುಕೊಳ್ಳುತ್ತಿದ್ದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು.

"ನೋಡವಾ, ಮೂಕ ಪ್ರಾಣಿಗೂ ಕರಳು ಅದ. ನಿನಗ..."

"ಆ ಅಳು ನಾಯಿದು ಅತ್ತೀ!" ನನ್ನ ದನಿ ಜೋರಾಗಿಯೇ ಬಂತು. "ತೋಳ ಅಳಲಿಲ್ಲ. ಅದಕ್ಕ ನೀರಡಿಕಿ ಆಗಿತ್ತು."

ಮುಂದಿನ ಸಾಲಿನವರು ತಿರುಗಿ ನೋಡಿದರು. ಅತ್ತೆ ನನ್ನ ಕೈ ಬಿಟ್ಟು, ತೆರೆಯ ಕಡೆ ಮುಖ ಮಾಡಿ, ಮತ್ತೆ ಆ ತೋಳಕ್ಕಾಗಿ ಅಳತೊಡಗಿದರು.