ಕೆಂಪು ಗೋಡೆ, ನೀಲಿ ಗೋಡೆ

ಕ್ಷೌರದಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಆ ಸಿನಿಮಾ ಡಿಸ್ಕು ಬಾಡಿಗೆಗೆ ಕೊಡುವ ಅಂಗಡಿಯನ್ನು ನಡೆಸುತ್ತಿದ್ದವರು ಮೂವರು: ಅಕ್ಕ, ಅವಳ ಗಂಡ, ಅವಳ ತಮ್ಮ. ಅಕ್ಕ ಅಂದರೆ ಬೀದಿಗೆಲ್ಲ ಅಕ್ಕ. ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಬಂದವರ ಮುಖ ನೋಡಿಯೇ ಇವತ್ತು ಇವರಿಗೆ ನಗಿಸುವ ಸಿನಿಮಾ ಬೇಕೋ ಅಳಿಸುವ ಸಿನಿಮಾ ಬೇಕೋ ಹೇಳಿಬಿಡುತ್ತಿದ್ದಳು. ಗಂಡ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವನು. ಗೀರು ಬಿದ್ದ ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಮತ್ತೆ ಓಡುವಂತೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ಮದುವೆಗಳ ವಿಡಿಯೊ ತೆಗೆಯುವವನು ತಮ್ಮ. ಮದುವೆಯಿಲ್ಲದ ದಿನ ಅಂಗಡಿಯಲ್ಲಿರುತ್ತಿದ್ದ. ಭಾವನಿಗೂ ಭಾಮೈದನಿಗೂ ಎಷ್ಟು ಸಲಿಗೆಯೆಂದರೆ, ಒಂದೇ ಲೋಟದ ಚಹಾ ಹಂಚಿಕೊಂಡು, ಯಾರು ಒಂದು ಗುಟುಕು ಹೆಚ್ಚು ಕುಡಿದರೆಂದು ಕಿತ್ತಾಡುತ್ತಿದ್ದರು.

ಆ ಸಲಿಗೆಗೆ ಕಲ್ಲು ಬಿದ್ದದ್ದು ಹೊಸ ಡಿಸ್ಕುಗಳಿಂದ.

ಹಳೆಯ ಡಿವಿಡಿಗಿಂತ ಚಿತ್ರ ಬಹಳ ನಿಚ್ಚಳವಾಗಿ ಕಾಣುವ ಡಿಸ್ಕು ಬರುತ್ತದಂತೆ ಎಂದು ಸುದ್ದಿಯಿತ್ತು. ಬಂತು, ಆದರೆ ಒಂದಲ್ಲ, ಎರಡು. ಎಚ್‌ಡಿ ಡಿವಿಡಿ ಎಂಬುದು ಕೆಂಪು ಡಬ್ಬಿಯಲ್ಲಿ, ಬ್ಲೂ-ರೇ ಎಂಬುದು ನೀಲಿ ಡಬ್ಬಿಯಲ್ಲಿ. ಡಬ್ಬಿಯಿಂದ ತೆಗೆದರೆ ಎರಡೂ ಅವಳಿಜವಳಿ. ಆದರೆ ಇದರ ಡಿಸ್ಕು ಅದರ ಪ್ಲೇಯರಿನಲ್ಲಿ ಓಡದು, ಅದರದು ಇದರಲ್ಲಿ ಓಡದು. ಸಿನಿಮಾ ಕಂಪನಿಗಳೂ ಪಾಲಾಗಿಹೋಗಿದ್ದವು, ಕೆಲವು ಆ ಕಡೆ, ಕೆಲವು ಈ ಕಡೆ.

ಗಂಡ ಕೆಂಪಿನ ಕಡೆ ನಿಂತ. "ಇದರ ಪ್ಲೇಯರು ಅಗ್ಗ ಕಣೋ. ಜನ ಕೈಗೆ ಎಟುಕೋದನ್ನ ತಾನೆ ತಗೊಳ್ಳೋದು?"

"ಭಾವ, ನೀಲಿ ಡಿಸ್ಕಲ್ಲಿ ಹೆಚ್ಚು ಹಿಡಿಯುತ್ತೆ. ಅದೂ ಅಲ್ಲದೆ ಮಕ್ಕಳು ಆಡೋ ಗೇಮಿನ ಡಬ್ಬದಲ್ಲೇ ಓಡುತ್ತೆ. ಪ್ಲೇಯರು ಆಗಲೇ ಮನೆಮನೆಗೆ ಹೊಕ್ಕಾಗಿದೆ. ನೀವು ಇನ್ನೂ ರೇಡಿಯೊ ಕಾಲದಲ್ಲೇ ಇದೀರ!"

ರೇಡಿಯೊ ಅಂದದ್ದೇ ತಪ್ಪಾಯಿತು. ಗಂಡ ಅಂಗಡಿಯ ಎಡಗೋಡೆಯ ತುಂಬ ಕೆಂಪು ಡಬ್ಬಿ ಜೋಡಿಸಿದ. ತಮ್ಮ ಬಲಗೋಡೆಯ ತುಂಬ ನೀಲಿ ಡಬ್ಬಿ ಜೋಡಿಸಿದ. ಗಿರಾಕಿ ಒಳಗೆ ಕಾಲಿಡುತ್ತಲೇ ಇಬ್ಬರೂ ಎರಡು ಕಡೆಯಿಂದ ಮುಗಿಬೀಳುತ್ತಿದ್ದರು. ಒಬ್ಬಳು ಹೆಂಗಸು ಗಾಬರಿಯಾಗಿ, ತಲೆನೋವಿನ ಮಾತ್ರೆ ಕೇಳಿಕೊಂಡು ಬಂದವಳ ಹಾಗೆ ನಟಿಸಿ, ಪಕ್ಕದ ಔಷಧಿ ಅಂಗಡಿಗೆ ಹೋಗಿಬಿಟ್ಟಳು. ಚಹಾ ಎರಡು ಲೋಟಕ್ಕೆ ಏರಿತು. ಆಮೇಲೆ ಮಾತೂ ನಿಂತಿತು.

"ನಿನ್ನ ತಮ್ಮಂಗೆ ಹೇಳು, ನೀಲಿ ಡಬ್ಬಿ ತಂದು ನನ್ನ ಗೋಡೆಗೆ ಒರಗಿಸಬಾರದು ಅಂತ."

ತಮ್ಮ ಮಾರು ದೂರದಲ್ಲೇ ನಿಂತಿದ್ದ. "ಅಕ್ಕಾ, ಭಾವಂಗೆ ಹೇಳು, ಅದು ಒರಗಿಸಿದ್ದಲ್ಲ, ಜಾರಿ ಬಿದ್ದಿದ್ದು ಅಂತ."

"ಡಿಸ್ಕಿಗೆ ಬಾಡಿಗೆ ಇದೆ, ನನ್ನ ಬಾಯಿಗೆ ಇಲ್ವಾ?" ಎಂದಳು ಅಕ್ಕ. "ಇನ್ನೊಂದು ಮಾತು ನನ್ನ ಕೈಲಿ ಸಾಗಿಸಿದ್ರೆ ಎರಡು ಗೋಡೆಗೂ ಸುಣ್ಣ ಬಳಿದುಬಿಡ್ತೀನಿ."

ಹೊರಗೆ ಹೀಗೆ ಜೋರು ಮಾಡಿದರೂ ಅವಳಿಗೆ ಒಳಗೊಳಗೇ ಸಂಕಟ. ಗಂಡ ಊಟಕ್ಕೆ ಕೂತಾಗ ತಮ್ಮ ದಿನಾ ಕೂರುತ್ತಿದ್ದ ಪಕ್ಕದ ಖಾಲಿ ಮಣೆಯ ಕಡೆ ಕಣ್ಣು ಹಾಯಿಸುವುದನ್ನು ಅವಳು ನೋಡಿದ್ದಳು.

ಜಗಳ ಮುಗಿದದ್ದು ದೂರದ ಯಾವುದೋ ಕಚೇರಿಯಲ್ಲಿ. ಕೆಂಪು ಡಿಸ್ಕಿನ ಪ್ಲೇಯರು ಮಾಡುವ ಕಂಪನಿ ಇನ್ನು ಮಾಡುವುದಿಲ್ಲವೆಂದು ಕೈಚೆಲ್ಲಿತು. ಅಂಗಡಿಗೆ ಅಂದು ತಮ್ಮ ಬರಲಿಲ್ಲ. ಅಕ್ಕನಿಗೆ ಫೋನು ಮಾಡಿದ. "ಅಕ್ಕಾ, ನೀನೇ ಹೇಳಿಬಿಡು. ನನ್ನ ಬಾಯಲ್ಲಿ ಬರಬಾರದು."

ಅವಳು ಹೇಳಿದಳು. ಗಂಡ ಕೈಲಿದ್ದ ಬಟ್ಟೆಯಿಂದ ಒಂದು ಕೆಂಪು ಡಬ್ಬಿ ಒರೆಸಿದ, ಇನ್ನೊಂದು ಒರೆಸಿದ. ಆ ಸಾಲು ಮುಗಿಸಿ, ಬಟ್ಟೆ ಕೊಡವಿ ಮಡಚಿಟ್ಟ.

"ಎಲ್ಲಿ ಅವನು?"

"ಮನೇಲಿದಾನಂತೆ. ನಿಮ್ಮ ಮುಖ ಹೇಗೆ ನೋಡೋದು ಅಂತ ಕೂತಿದಾನೆ."

"ಗೆದ್ದವನಿಗೆ ಏನು ದಾಡಿ? ನಡಿ, ಅವನನ್ನ ಸಮಾಧಾನ ಮಾಡಿಬರೋಣ."

ತಮ್ಮನ ಮನೆ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ. ಬಾಗಿಲು ಮುಂದಕ್ಕೆ ಮಾಡಿತ್ತು, ಅಗುಳಿ ಹಾಕಿರಲಿಲ್ಲ. ತಳ್ಳಿ ಒಳಗೆ ಹೋದರೆ ಟಿವಿಯಲ್ಲಿ ಸಿನಿಮಾ ಓಡುತ್ತಿದೆ, ಟಿವಿಯ ಕೆಳಗೆ ಕೆಂಪಿನ ಕಡೆಯ ಪ್ಲೇಯರು ಕೂತಿದೆ, ಪಕ್ಕದಲ್ಲಿ ಕೆಂಪು ಡಬ್ಬಿಗಳ ಪುಟ್ಟ ಗೋಪುರ. ತಮ್ಮ ಎದ್ದು ಟಿವಿಗೆ ಬೆನ್ನು ಅಡ್ಡಹಿಡಿದು ನಿಂತ, ಅಷ್ಟು ದೊಡ್ಡ ಟಿವಿ ಬೆನ್ನಿಗೆ ಮರೆಯಾಗುತ್ತದೆಯೇನೋ ಎನ್ನುವ ಹಾಗೆ.

"ಏನೋ ಇದು?" ಎಂದ ಭಾವ.

"ತಂದು ಬಹಳ ದಿನ ಆಯ್ತು ಭಾವ. ಸುಮ್ನೆ, ಎಷ್ಟು ಕೆಟ್ಟದಾಗಿದೆ ನೋಡೋಣ ಅಂತ ತಂದೆ. ಚೆನ್ನಾಗಿತ್ತು. ಅದನ್ನ ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಅಕ್ಕನಿಗೆ ನಗು ಬಂತೋ ಅಳು ಬಂತೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ ಚಪ್ಪಲಿ ಬಿಟ್ಟು, ಭಾಮೈದನ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ಮೊದಲಿಂದ ಹಾಕು. ಚಹಾ ಮಾಡೋರು ಯಾರು?"

ಆಮೇಲೆ ಕೆಲವು ವರ್ಷ ಅಂಗಡಿಯ ಎರಡೂ ಗೋಡೆ ನೀಲಿಯಾಗಿತ್ತು. ಕೆಂಪು ಡಬ್ಬಿಗಳು ರಟ್ಟಿನ ಪೆಟ್ಟಿಗೆ ಸೇರಿ ಅಟ್ಟ ಹತ್ತಿದವು. ಭಾವ ನೀಲಿ ಡಿಸ್ಕನ್ನೂ ಅದೇ ಅಕ್ಕರೆಯಿಂದ ಒರೆಸುತ್ತಿದ್ದ.

ಆದರೆ ಗೆದ್ದದ್ದಕ್ಕೂ ಗ್ರಹಚಾರ ಕಾದಿತ್ತು. ಡಿಸ್ಕೂ ಬೇಡ, ಡಬ್ಬಿಯೂ ಬೇಡ, ಸಿನಿಮಾ ಇಂಟರ್ನೆಟ್ಟಿನಲ್ಲೇ ನೇರ ಮನೆಗೆ ಬರತೊಡಗಿತು. ಜನ ಡಿಸ್ಕು ವಾಪಸು ಕೊಡಲು ಬರುತ್ತಿದ್ದರು, ಕುಶಲ ವಿಚಾರಿಸುತ್ತಿದ್ದರು, ಬರಿಗೈಲಿ ಹೋಗುತ್ತಿದ್ದರು. ಪಕ್ಕದ ಕ್ಷೌರದವನೇ ಕನ್ನಡಿಗೆ ಮೊಬೈಲು ಒರಗಿಸಿಕೊಂಡು ಸಿನಿಮಾ ನೋಡುತ್ತ ಕತ್ತರಿ ಆಡಿಸುತ್ತಿದ್ದ. ಹೊಡೆದಾಟದ ದೃಶ್ಯ ಬಂದರೆ ಗಿರಾಕಿಗಳು ಕಿವಿ ಮುಟ್ಟಿಕೊಳ್ಳುತ್ತಿದ್ದರು.

ಈ ಸಲ ಕುಗ್ಗಿದವನು ತಮ್ಮ. "ನಾನೇ ಸರಿ ಅಂತ ಹಾರಾಡಿದ್ನಲ್ಲ ಭಾವ," ಎನ್ನುತ್ತಿದ್ದ. ಭಾವ ಅವನಿಗೆ ಧೈರ್ಯ ಹೇಳುತ್ತಿದ್ದ. ಆದರೆ ಒಂದು ದಿನ ಆ ಭಾವನೇ ಪಾಯಖಾನೆಗೆ ಹೋಗಿ ಬಹಳ ಹೊತ್ತಾದರೂ ಬರದಿದ್ದಾಗ, ಬಾಗಿಲಾಚೆಯಿಂದ ಮೊಬೈಲಿನ ಸಿನಿಮಾ ಸಂಭಾಷಣೆ ಸಣ್ಣಗೆ ಕೇಳಿಸಿ, ಅಕ್ಕ ಬಾಗಿಲು ಬಡಿದಳು. "ರೀ, ನೀವೂನಾ?"

ಒಳಗೆ ಸದ್ದು ನಿಂತಿತು. "ಅರ್ಧ ಆಗಿದೆ ಕಣೇ," ಎಂದಿತು ದನಿ. "ಚೆನ್ನಾಗಿದೆ."

ಮುಚ್ಚುವ ಮಾತನ್ನು ಅವಳೇ ಎತ್ತಿದಳು, ಊಟದ ಹೊತ್ತಿನಲ್ಲಿ. "ನಾವು ಮೂರು ಜನ ಒಂದು ಸ್ಟೂಲಿಗೆ ಕಾವಲು ಕೂತಿದೀವಿ. ನಗ್ತಾ ಇರುವಾಗಲೇ ಬಾಗಿಲು ಹಾಕೋಣ." ಇಬ್ಬರೂ ತಟ್ಟೆ ನೋಡುತ್ತಲೇ ತಲೆಯಾಡಿಸಿದರು. ಬೀದಿಯವರಿಗೆಲ್ಲ, ಬೇಕಾದ ಡಿಸ್ಕು ತೆಗೆದುಕೊಂಡು ಹೋಗಿ ಎಂದು ಹೇಳಿಕಳಿಸಿದರು.

ಕೊನೆಯ ದಿನ ಬಂದವರಲ್ಲಿ ಆಪರೇಟರಮ್ಮ ಒಬ್ಬಳು. ಟೆಲಿಫೋನ್ ಆಫೀಸಿನಲ್ಲಿ ಆಪರೇಟರಾಗಿ ನಿವೃತ್ತಳಾದವಳು, ಹುಟ್ಟುಗುರುಡಿ. ಬೆಳ್ಳಗಿನ ಕೋಲು ತಟ್ಟುತ್ತ ಬಂದು ಅವಳು ಕೇಳುತ್ತಿದ್ದುದು ಒಂದೇ ಬಗೆಯ ಡಿಸ್ಕು. ಕೆಲವು ಡಿಸ್ಕುಗಳಲ್ಲಿ, ಸಿನಿಮಾ ಓಡುತ್ತಿರುವಾಗಲೇ ಅದನ್ನು ಮಾಡಿದವರು ಪಕ್ಕದಲ್ಲಿ ಕೂತವರಂತೆ ಮಾತಾಡುವ ಇನ್ನೊಂದು ದನಿ ಇರುತ್ತದೆ: ಈ ದೃಶ್ಯದ ದಿನ ಗಾಳಿ ಜೋರಿತ್ತು, ಈ ನಟನಿಗೆ ಜ್ವರವಿತ್ತು ಎಂದೆಲ್ಲ. ಅವಳಿಗೆ ಅದೇ ಸಿನಿಮಾ.

"ಮೊಬೈಲಲ್ಲಿ ನಾನು ಹುಡುಕಿಸಿದ ಯಾವುದರಲ್ಲೂ ಆ ಮಾತು ಸಿಗಲ್ಲಮ್ಮ," ಎಂದಳು. "ಅಂಥವು ಎಷ್ಟಿದ್ರೆ ಅಷ್ಟು ಕೊಡು."

ಭಾವ, ಭಾಮೈದ ಅಂಗಡಿಯೆಲ್ಲ ಜಾಲಾಡಿದರು. ಭಾವ ಅಟ್ಟ ಹತ್ತಿ, ಧೂಳು ಮೆತ್ತಿಕೊಂಡು, ಕೆಂಪು ಡಬ್ಬಿಗಳ ಪೆಟ್ಟಿಗೆಯನ್ನೂ ಇಳಿಸಿದ. ಅದರಲ್ಲೂ ಮಾತಾಡುವ ಡಿಸ್ಕುಗಳಿದ್ದವು. ತಮ್ಮ ಓಡಿಹೋಗಿ ಮನೆಯಿಂದ ತನ್ನ ಕೆಂಪಿನ ಪ್ಲೇಯರನ್ನು ತಂದ. ಆಪರೇಟರಮ್ಮನ ಮನೆಗೆ ಅದನ್ನೂ ಅಂಗಡಿಯ ನೀಲಿ ಪ್ಲೇಯರನ್ನೂ ಹೊತ್ತು ಹೊರಟಾಗ, ಯಾವುದು ಮೇಲೆ ಯಾವುದು ಕೆಳಗೆ ಎಂದು ದಾರಿಯುದ್ದಕ್ಕೂ ವಾದಿಸಿದರು, ಅಕ್ಕನನ್ನು ನಡುವೆ ತರದೆ, ನೇರಾನೇರ.

ಅವಳದು ಒಂದೇ ಕೋಣೆ. ಕಿಟಕಿ, ಮಂಚ, ಚೊಕ್ಕಟ ಮೇಜು, ಅದರ ಮೇಲೆ ದನಿ ಕೇಳಲೆಂದೇ ಇಟ್ಟುಕೊಂಡ ಹಳೆಯ ಟಿವಿ. ಭಾವ ತಂತಿ ಜೋಡಿಸಿ, ಯಾವ ಗುಂಡಿ ಯಾವುದೆಂದು ಬೆರಳಿಗೆ ತಿಳಿಯುವಂತೆ ಗುಂಡಿಗಳ ಮೇಲೆ ಅಂಟಿನ ಹನಿ ಇಟ್ಟು ಒಣಗಿಸಿದ. ಡಿಸ್ಕು ಓಡಿತು. ಸಿನಿಮಾ ಮಾಡಿದವನು ಮಾತಾಡತೊಡಗಿದ: ಈ ಕಡಲ ದಡಕ್ಕಾಗಿ ನಾವು ಬಹಳ ಅಲೆದೆವು ಎಂದ.

ಆಪರೇಟರಮ್ಮ ಕತ್ತು ತಿರುಗಿಸಿದಳು. "ಹೇಗಿದೆ ಆ ಕಡಲು?"

"ಹಸಿರು," ಎಂದ ಭಾವ.

"ಬೂದಿ ಬಣ್ಣ," ಎಂದ ಭಾಮೈದ.

"ಕಣ್ಣೇನು ಕಿತ್ತುಹೋಗಿದೆಯಾ?" ಎಂದು ಒದರಿದ ಭಾವ, ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡ.

ಆಪರೇಟರಮ್ಮ ಮಂಚ ಅಲ್ಲಾಡುವಂತೆ ನಕ್ಕಳು. "ಇಬ್ಬರೂ ಹೇಳ್ತಾ ಹೋಗಿ," ಎಂದಳು. "ಒಬ್ಬರೇ ಹೇಳಿದ್ರೆ ಮಜಾ ಇಲ್ಲ."

ಅಕ್ಕ ಕಿಟಕಿಯ ಬಳಿ ನೆಲದ ಮೇಲೆ ಕಾಲು ಚಾಚಿ ಕೂತಳು. ಇಷ್ಟು ವರ್ಷದಲ್ಲಿ ಎತ್ತರದ ಸ್ಟೂಲಿನಿಂದ ನೇತಾಡಿ ನೇತಾಡಿ ಊದಿದ್ದ ಪಾದಗಳಿಗೆ ತಣ್ಣನೆಯ ನೆಲ ಹಿತವಾಗಿತ್ತು. ದೋಣಿ ಬಂತು ಎಂದ ಗಂಡ. ದೋಣಿಯಲ್ಲ, ಮರದ ದಿಮ್ಮಿ ಎಂದ ತಮ್ಮ. ಅವಳು ಪರದೆಯ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಆಪರೇಟರಮ್ಮನ ಹಾಗೆ, ಅವರಿಬ್ಬರನ್ನು ಕೇಳುತ್ತ ಕೂತಳು.