ಎಂಬತ್ತು ತತ್ತಿಯ ಡಬ್ಬಿ

ಇದು ತತ್ತಿನೇ ರೀ ಅಂಬಮ್ಮಾ, ಖರೇ ಕೋಳಿ ತತ್ತಿ, ಒಣಗಿಸಿ ಪುಡಿ ಮಾಡ್ಯಾರಷ್ಟೇ, ಎಂಬತ್ತು ತತ್ತಿ ಅದಾವು ಈ ಡಬ್ಬ್ಯಾಗ — ಎನ್ನುತ್ತಿದ್ದಾಳೆ ವಾರ್ಡನ್ ರಾಜಶ್ರೀ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಂಬತ್ತಂತೆ, ಎರಡು ಟ್ರೇ ತುಂಬಿ ಮೇಲೆ ಇಪ್ಪತ್ತು, ಅಷ್ಟನ್ನು ಹೊತ್ತು ಈ ಹಾಸ್ಟೆಲ್ಲಿನ ಮೆಟ್ಟಿಲು ಹತ್ತುವಾಗ ನನ್ನ ಜೀವ ಬಾಯಿಗೆ ಬರುತ್ತದೆ, ಈ ಹುಡುಗಿ ಕಂಕುಳಲ್ಲಿ ಇಟ್ಟುಕೊಂಡು ಬಂದುಬಿಟ್ಟಿದ್ದಾಳೆ, ಮುಚ್ಚಳ ತೆಗೆದರೆ ಹಳದಿ ಹಿಟ್ಟು, ಕಡಲೆಹಿಟ್ಟಿಗಿಂತ ಒಂದು ಗುಲಗಂಜಿ ತಿಳಿ, ಬೆರಳಿಗೆ ಮುಟ್ಟಿದರೆ ರೇಷ್ಮೆ, ಒಂದು ವರ್ಷ ಇಟ್ಟರೂ ಕೆಡೂದಿಲ್ಲ ಅನ್ನುತ್ತಾಳೆ, ಒಂದು ವರ್ಷ! — ಸಿಂಧನೂರಿನ ಮೇ ತಿಂಗಳ ಬಿಸಿಲಿನಲ್ಲಿ ಲಿಂಗಸೂಗೂರಿನಿಂದ ಟೆಂಪೋದಲ್ಲಿ ಬರುವ ತತ್ತಿಗೆ ಒಂದು ದಿನದ ಆಯುಷ್ಯವೂ ಇಲ್ಲ, ಸೋಮವಾರ ಎರಡು ಟ್ರೇಯಲ್ಲಿ ನಲವತ್ತೊಂದು ಕೆಟ್ಟಿದ್ದವು, ಬೇಸಿಗೆ ಕ್ಲಾಸಿನ ಹುಡುಗಿಯರು ಬರೀ ಸಾರು-ಅನ್ನ ಉಂಡು ಎದ್ದರು. ನಮ್ಮವ್ವ ಸಾಲಗುಂದದಲ್ಲಿ ಖಂಡ ಒಣಗಿಸುತ್ತಿದ್ದಳು, ಹಗ್ಗಕ್ಕೆ ಮಾಂಸದ ಎಳೆ ಎಳೆ ತೂಗುಹಾಕಿ, ಕೆಳಗೆ ನಾನು ಕೋಲು ಹಿಡಿದು ಕಾಗೆ ಓಡಿಸುತ್ತ, ಮಳೆಗಾಲದಲ್ಲಿ ಒಂದು ಹಿಡಿ ಹಾಕಿ ಕುದಿಸಿದರೆ ಓಣಿ ತುಂಬ ಘಮ, ಸರಿ, ಮಾಂಸ ಹಗ್ಗಕ್ಕೆ ತೂಗುತ್ತದೆ, ಆದರೆ ತತ್ತಿ — ತತ್ತಿಯನ್ನು ಯಾವ ಹಗ್ಗಕ್ಕೆ ಕಟ್ಟಿದರೋ ಮಹಾರಾಯರು, ಒಡೆದರೆ ಹರಿದು ಹೋಗುವ ವಸ್ತು, ಅವ್ವ ಅದನ್ನು ಜೋಳದ ಗಡಿಗೆಯಲ್ಲಿ ಹುಗಿದಿಡುತ್ತಿದ್ದಳು, ತಂಪಿರುತ್ತೆ ಅಂತ, ಇವರು ಬಿಸಿಲನ್ನೇ ಸೋಲಿಸಿ ಡಬ್ಬಿಗೆ ಹಾಕಿದ್ದಾರೆ.

ಆದರೂ ನಾನು ನೀರು ತಗೊಂಡೆ. ನಗಬೇಡ್ರಿ ಮೇಡಂ, ನಾ ನೀರಿಗೆ ಹಾಕದ ತತ್ತಿ ಈ ಒಲೀ ಮ್ಯಾಲೆ ಏರೂದಿಲ್ಲ ಅಂದೆ, ಮುಳುಗಿದ್ದು ಛಲೋ, ತೇಲಿದ್ದು ಕೆಟ್ಟದ್ದು, ಇಷ್ಟೇ ನನ್ನ ವಿದ್ಯೆ, ಎರಡು ವರ್ಷದ ಹಿಂದೆ ತಂಗಿಯ ಮಗಳ ಮದುವೆಗೆಂದು ಮಸ್ಕಿಗೆ ಹೋಗಿದ್ದೆ, ಒಂದೇ ದಿನ, ಆ ದಿನ ಯಾರೂ ನೀರಿಗೆ ಹಾಕಿ ನೋಡಲಿಲ್ಲ, ಒಂಬತ್ತು ಹುಡುಗಿಯರಿಗೆ ವಾಂತಿ, ಎಂಟು ಜನ ಮರುದಿನ ಎದ್ದು ಕೂತರು, ತುರ್ವಿಹಾಳದ ಅಶ್ವಿನಿಗೆ ಮಾತ್ರ ಮೂರು ದಿನ ಸಲಾಯಿನ್, ನಾನು ಮದುವೆಯ ಸೀರೆಯಲ್ಲೇ ಓಡಿಬಂದು ಮಂಚದ ಪಕ್ಕ ಕೂತು ಆ ಹನಿಗಳನ್ನು ನೋಡಿದೆ, ಒಂದು, ಆಮೇಲೆ ಒಂದು, ನಾನು ಊರಲ್ಲಿರಲಿಲ್ಲ ಅನ್ನುವುದು ಒಂದು ಮಾತೇ, ನನ್ನ ಒಲೆ ತಾನೆ ಅದು. ಅಂದಿನಿಂದ ಅಶ್ವಿನಿ ತತ್ತಿ ಮುಟ್ಟಿಲ್ಲ, ಬಡಿಸಲು ಹೋದರೆ ತಟ್ಟೆಯನ್ನೇ ಪಕ್ಕಕ್ಕೆ ಸರಿಸುತ್ತಾಳೆ, ಹೋದ ವಾರ ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಕಡಿಮಿ ಐತಿ, ತತ್ತಿ ತಿನ್ನಿಸ್ರಿ ಅಂದಳು, ಅವಳಿಗೆ ತತ್ತಿ ತಿನ್ನಿಸುವುದು ಅಂದರೆ ಹರಿಯುವ ಕಾಲುವೆಯನ್ನು ಹಿಂದಕ್ಕೆ ತಿರುಗಿಸಿದ ಹಾಗೆ — ಒಂದು ಚಮಚ ಪುಡಿ ಬಟ್ಟಲ ನೀರಿಗೆ ಹಾಕಿದೆ, ತೇಲಿತು. ಪೂರಾ ತೇಲಿತು, ಒಂದು ಕಣವೂ ಕೆಳಗೆ ಇಳಿಯಲಿಲ್ಲ, ಎಂಬತ್ತಕ್ಕೆ ಎಂಬತ್ತೂ ಕೊಳೆತವು, ಬಟ್ಟಲನ್ನು ಬಚ್ಚಲಿಗೆ ಸುರಿದೆ, ಡಬ್ಬಿಯನ್ನೂ ಎತ್ತಿಕೊಂಡು ನಡೆದೆ, ಅಷ್ಟರಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಖಾತೂನ್‌ಬೀ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು, ಯಾ ಅಲ್ಲಾ, ಏನ್ ಮಾಡಾಕತ್ತೀಯವ್ವಾ, ಮೈದಾ ನೀರಾಗ ಹಾಕಿದ್ರ ಅದೂ ತೇಲತೈತಿ, ಹಂಗಾರ ನಿನ್ನೀ ಪೂರಿ ಎಲ್ಲಾ ಕೊಳೆತಿದ್ವೇನು? ತತ್ತಿ ಬ್ಯಾರೆ, ಹಿಟ್ಟು ಬ್ಯಾರೆ ಬೇ, ಐವತ್ತೆಂಟು ವರ್ಸ ಆತು ನಿನಗ, ಇಷ್ಟೂ ತಿಳಿಯಂಗಿಲ್ಲ? — ಹನ್ನೊಂದು ವರ್ಷದಿಂದ ನನ್ನ ಪಕ್ಕ ಕೂತು ಉಳ್ಳಾಗಡ್ಡಿ ಹೆಚ್ಚುವವಳು, ಕಣ್ಣಲ್ಲಿ ನೀರು, ಉಳ್ಳಾಗಡ್ಡಿಯದೋ ನಗೆಯದೋ, ನನಗೂ ನಗು ಬಂತು, ನಾಚಿಕೆಯೂ ಬಂತು, ರಾಜಶ್ರೀ ಮಾತ್ರ ನಗಲಿಲ್ಲ, ತೋಳು ಮಡಚಿ, ಅಂಬಮ್ಮಾ, ನಿಮ್ಮ ನೀರಿನ ಮ್ಯಾಲೆ ನಂಬಿಕೆ ಇಟ್ಟೇ ನಾ ನಿದ್ದಿ ಮಾಡ್ತೀನಿ, ಆದ್ರ ಇದಕ್ಕ ನೀರು ಪರೀಕ್ಷೆ ಅಲ್ಲ, ಜೀವ, ನೋಡ್ರಿ ಅಂದಳು.

ಉಗುರುಬೆಚ್ಚಗಿನ ನೀರು, ಒಂದು ಅಳತೆ ಪುಡಿಗೆ ಮೂರು, ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪ, ಮೊದಲು ಗಂಟು ಗಂಟಾಯಿತು, ಮುದ್ದೆ ತಿರುವುವ ಕೈಗೆ ಗಂಟು ಒಡೆಯುವುದು ಹೇಳಿಕೊಡಬೇಕೇ, ತಿರುವುತ್ತ ತಿರುವುತ್ತ ಬಣ್ಣ ಗಾಢವಾಯಿತು, ಹತ್ತು ನಿಮಿಷ ಮುಚ್ಚಿಟ್ಟು ತೆಗೆದರೆ ದಪ್ಪಗೆ, ನುಣ್ಣಗೆ, ಚಮಚದಿಂದ ಎಳೆಯಾಗಿ ಇಳಿಯುತ್ತಿದೆ, ಒಡೆದು ಕಡೆದ ತತ್ತಿಯೇ, ಕೋಳಿ ಇಲ್ಲ, ಕಾವಿಲ್ಲ, ಎಲ್ಲೋ ಯಾರೋ ಅದರ ನೀರು ಕಸಿದುಕೊಂಡಿದ್ದರು, ನಾನು ವಾಪಸ್ಸು ಕೊಟ್ಟೆ, ಅಷ್ಟಕ್ಕೇ ಎದ್ದು ಬಂತಲ್ಲ, ಹಸಿದು ಮಲಗಿದ ಕೂಸು ಅವ್ವನ ದನಿಗೆ ಎದ್ದ ಹಾಗೆ, ಎಣ್ಣೆ ಕಾದ ಬಾಣಲೆಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೆ ಇದು — ಅಂಚು ಉಬ್ಬಿತು, ನಡು ಉಬ್ಬಿತು, ಘಮ ಬಂತು, ಡಬ್ಬಿಯಲ್ಲಿ ಇಲ್ಲದ ಘಮ ಎಲ್ಲಿತ್ತು ಇಷ್ಟು ಹೊತ್ತು, ಖಾತೂನ್‌ಬೀ ಚಾಕು ಹಿಡಿದ ಕೈಯನ್ನು ಹಾಗೇ ಬಿಟ್ಟು ನಿಂತಳು, ಸುಭಾನಲ್ಲಾ ಅಂದಳು ಮೆಲ್ಲಗೆ, ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ, ನನ್ನ ಒಲೆಯದನ್ನು ಮೊದಲು ತಿನ್ನುವವಳು ನಾನೇ, ತಿಂದು ಅರ್ಧ ತಾಸು ಕಾಯುವುದು, ಖಾತೂನ್‌ಬೀ ಐದು ನಿಮಿಷಕ್ಕೊಮ್ಮೆ ಬಗ್ಗಿ ಜೀವ ಐತೇನವ್ವಾ, ಇಲ್ಲಾಂದ್ರ ನಿನ್ನ ತಟ್ಟಿ ನನಗ ಕೊಡು ಅನ್ನುತ್ತಾಳೆ, ಜೀವ ಇದೆ, ಹೊಟ್ಟೆಯಲ್ಲಿ ಗುಡುಗಿಲ್ಲ, ನಾಲಿಗೆಯ ಮೇಲೆ ಇನ್ನೂ ರುಚಿ ಇದೆ.

ಗಂಟೆ ಹೊಡೆಯಿತು, ನಲವತ್ತು ಹುಡುಗಿಯರು ಸಾಲಾಗಿ ಬರುತ್ತಿದ್ದಾರೆ, ನನ್ನ ಕೈಯಲ್ಲಿ ಸೌಟು, ಮುಂದೆ ತಟ್ಟೆ, ತಟ್ಟೆ, ತಟ್ಟೆ, ಆಮೇಲೆ ಅಶ್ವಿನಿ, ತಟ್ಟೆ ಸರಿಸಿಲ್ಲ ಇನ್ನೂ, ಬಗ್ಗಿ ನೋಡುತ್ತಿದ್ದಾಳೆ, ಇದೇನಜ್ಜೀ, ಝುಣಕಾನ? — ಹೌದಲ್ಲ, ನೋಡಲು ಹಾಗೇ ಇದೆ, ಕಡಲೆಹಿಟ್ಟಿನ ಝುಣಕದ ಹಾಗೆ, ಹೂಂ ಅಂದರೆ ಸಾಕು, ಒಂದು ಹೂಂ, ತಿಂದುಬಿಡುತ್ತಾಳೆ, ದಿನಾ ತಿನ್ನುತ್ತಾಳೆ, ರಕ್ತ ಏರುತ್ತದೆ, ರಾಜಶ್ರೀ ದೂರದಿಂದ ನೋಡುತ್ತಿದ್ದಾಳೆ, ಖಾತೂನ್‌ಬೀ ಹೂಂ ಅನ್ನು, ಹೂಂ ಅನ್ನು ಎನ್ನುವಂತೆ ಹುಬ್ಬು ಹಾರಿಸುತ್ತಿದ್ದಾಳೆ, ನಾಲಿಗೆಯ ತುದಿಯವರೆಗೂ ಬಂತು, ಆದರೆ ಒಮ್ಮೆ ಗೊತ್ತಿಲ್ಲದೆ ತಿಂದೇ ತಾನೆ ಈ ಕೂಸು ಮಂಚಕ್ಕೆ ಬಿದ್ದದ್ದು — ಅಲ್ಲವ್ವಾ, ತತ್ತಿ ಅಂದೆ. ಒಣಗಿಸಿ ಪುಡಿ ಮಾಡಿದ್ದು. ಅವಳ ಕೈ ಹಿಂದೆ ಸರಿಯಿತು, ನೀರಿಗೆ ಹಾಕಿ ನೋಡಿದ್ರೇನಜ್ಜೀ? ನೋಡಿದ್ನಿ, ತೇಲಿತು. ತೇಲಿತಾ? ತೇಲಿತವ್ವಾ, ಅಂಜಿ ಬಚ್ಚಲಿಗೆ ಚೆಲ್ಲಿದ್ನಿ, ಆಮ್ಯಾಲೆ ಗೊತ್ತಾತು, ಪುಡಿ ಅಂದ್ರ ತೇಲೂದೇ ಅಂತ, ಅರ್ಧ ತಾಸಿನ ಹಿಂದ ನಾ ತಿಂದೀನಿ, ನಿನ್ನ ಮುಂದ ನಿಂತೀನಿ, ಬ್ಯಾಡಂದ್ರ ಬ್ಯಾಡ.

ಅವಳು ತಟ್ಟೆ ನೋಡುತ್ತಿಲ್ಲ, ನನ್ನ ಮುಖ ನೋಡುತ್ತಿದ್ದಾಳೆ, ಹಣೆ, ಕಣ್ಣು, ತುಟಿ, ಕಾಯಿಲೆಯ ಗುರುತು ಹುಡುಕುವ ಹಾಗೆ, ಹಿಂದಿನ ಹುಡುಗಿಯರು ನೂಕುತ್ತಿದ್ದಾರೆ, ನಡೀ ಲೇ ಅನ್ನುತ್ತಿದ್ದಾರೆ, ಅವಳು ನಡೆಯುತ್ತಿಲ್ಲ, ತಟ್ಟೆ ನಿಧಾನ ಮುಂದೆ ಬಂತು, ಒಂದೇ ಸೌಟು ಹಾಕಿದೆ, ಅಲ್ಲೇ ನಿಂತು, ಎರಡು ಬೆರಳು, ಚಿಟಿಕೆಯಷ್ಟು, ಬಾಯಿಗೆ — ಅಗಿಯುತ್ತಿದ್ದಾಳೆ, ನನ್ನ ಸೌಟು ಗಾಳಿಯಲ್ಲಿ, ಕಾಲುವೆ ನಿಂತಿದೆ, ಅಗಿಯುತ್ತಿದ್ದಾಳೆ, ನುಂಗಿದಳು — ಎರಡು ಬೆರಳು ಮತ್ತೆ ತಟ್ಟೆಗೆ ಇಳಿಯುತ್ತಿವೆ, ಹಳದಿ ಅಂಟಿದ ಎರಡು ಬೆರಳು, ಎರಡು ಬೆರಳು.