ಮನುಷ್ಯರ ಫೋಟೋ ಇಡೋದಿಲ್ಲ

ಅಳಿಸಿಬಿಟ್ಟಿದ್ದ, ಪುಣ್ಯಾತ್ಮ!

ಎರಡು ಬಸ್ಸು, ಒಂದು ಜೀಪು ಹತ್ತಿ ಇಳಿದು, ಒಂದೂವರೆ ದಿನ ಸೊಂಟ ಮುರ್ಕೊಂಡು ಈ ಬೆಟ್ಟದ ರಾಷ್ಟ್ರೀಯ ಉದ್ಯಾನಕ್ಕೆ ಬಂದಿದ್ದೆ. ಇಲ್ಲಿಗೆ ಎಲ್ಲರೂ ಹಿಮಚಿರತೆ ನೋಡೋಕೆ ಬರ್ತಾರೆ. ನಾನು ಬಂದಿದ್ದು ತಮ್ಮನ ಕೊನೇ ಫೋಟೋ ನೋಡೋಕೆ.

ತಮ್ಮ ಇಲ್ಲಿ ಗಾರ್ಡ್ ಆಗಿದ್ದ. ಐದು ತಿಂಗಳ ಹಿಂದೆ ಹಿಮ ಕುಸಿದು ಹೋಗಿಬಿಟ್ಟ. ದೇಹ ಸಿಕ್ಕಿಲ್ಲ. ಮೊನ್ನೆ ಹಿಮ ಕರಗಿದ ಮೇಲೆ, ಅವನೊಬ್ಬನೇ ಓಡಾಡ್ತಿದ್ದ ದಾರಿಯಲ್ಲಿ ಪ್ರಾಣಿ ದಾಟಿದರೆ ತಾನಾಗೇ ಫೋಟೋ ತೆಗೆಯಲಿ ಅಂತ ಕಟ್ಟಿದ್ದ ಕ್ಯಾಮೆರಾ ಸಿಕ್ಕಿದೆ, ಆ ದಿನ ಅವನು ದಾಟಿದ್ದೂ ಅದರಲ್ಲಿ ಬಿದ್ದಿದೆ ಅಂತ ಅವನ ಜೊತೆಗಾರ ಗಾರ್ಡ್ ಫೋನ್ ಮಾಡಿದ್ದ.

ನನಗೆ ಬೇಕಾಗಿದ್ದು ಒಂದೇ. ಅವನ ಮುಖ ಯಾವ ಕಡೆಗಿತ್ತು? ಮೇಲಕ್ಕೆ ಹತ್ತುತ್ತಿದ್ದರೆ ಡ್ಯೂಟಿ. ಕೆಳಗೆ ಇಳೀತಿದ್ದರೆ, ಅವನನ್ನ ಕೊಂದವಳು ನಾನು. ಹಿಂದಿನ ದಿನ ಫೋನಲ್ಲಿ ಕೂಗಾಡಿದ್ದೆ. "ನಾಡಿದ್ದು ಅಮ್ಮನ ಆಪರೇಷನ್. ನಿನಗೆ ಆ ಪ್ರಾಣಿಗಳೇ ಹೆಚ್ಚಾದ್ರೆ ಅಲ್ಲೇ ಬಿದ್ದಿರು. ಇನ್ಮೇಲೆ ನನ್ನ ಅಕ್ಕ ಅಂತ ಕರೀಬೇಡ." ಹಿಮ ಜೋರಾಗಿದೆ ಕಣಕ್ಕಾ, ದಾರಿ ಸರಿ ಇಲ್ಲ ಅಂದ. ಫೋನ್ ಕುಕ್ಕಿದೆ. ಇದು ಅಮ್ಮನಿಗೆ ಗೊತ್ತಿಲ್ಲ.

ಆಫೀಸ್ ಅಂದ್ರೆ ಒಂದು ಕೋಣೆ. ಒಲೆ ಪಕ್ಕದ ಕುರ್ಚಿ ಮೇಲೆ ಒದ್ದೆ ಕಾಲುಚೀಲ, ಮೇಜಿನ ಮೇಲೆ ಕಂಪ್ಯೂಟರು. ಜೊತೆಗಾರ ತಲೆ ಎತ್ತಲಿಲ್ಲ.

"ಅಕ್ಕಾ, ನಮ್ಮಲ್ಲಿ ಮನುಷ್ಯರ ಫೋಟೋ ಇಡೋದಿಲ್ಲ. ಪ್ರಾಣಿಗಳದ್ದು ಇಟ್ಕೊಂಡು ಮಿಕ್ಕಿದ್ದು ಅಳಿಸಿ, ಕಾರ್ಡ್ ಖಾಲಿ ಮಾಡ್ತೀವಿ. ನಿಮಗೆ ಅಂತ ಅವನದನ್ನ ಎತ್ತಿಡೋಕೇ ನಿನ್ನೆ ಕೂತೆ. ದಿನಾ ಮಾಡೋ ಕೆಲಸ, ಕೈ ತಾನಾಗೇ ಒತ್ತಿಬಿಡ್ತು."

"ಯಾವ ಕಡೆ ಹೋಗ್ತಿದ್ದ? ಅದಾದ್ರೂ ನೋಡಿದ್ರಾ?"

"ಟೋಪಿ ನೋಡಿ ಅವನೇ ಅಂತ ಗೊತ್ತಾಯ್ತು. ಬೇರೇನೂ ಗಮನಿಸಲಿಲ್ಲ ಅಕ್ಕಾ."

ಬಸ್ಸಲ್ಲಿ ಟಿಕೆಟ್ ಇಲ್ಲದವರನ್ನ ಹಿಡಿಯೋ ಕೆಲಸ ನಂದು. ನನ್ನ ಬಾಯಿ ಎಂಥದ್ದು ಅಂತ ಇಡೀ ಡಿಪೋಗೆ ಗೊತ್ತು. ಅವನ ಜನ್ಮ ಜಾಲಾಡಬೇಕಿತ್ತು. ಅಳುವೂ ಇಲ್ಲ, ಸಿಟ್ಟೂ ಇಲ್ಲ, ಎಲ್ಲಾ ಮರಗಟ್ಟಿ ಹೋಗಿತ್ತು. ಟೀ ಕೊಟ್ಟ, ಕುಡಿದೆ. ಸಕ್ಕರೆ ಇತ್ತೋ ಇಲ್ಲವೋ ತಿಳಿಯಲಿಲ್ಲ.

ಏನು ಮಾಡೋದು ಅಂತ ತೋಚದೆ ಉಳಿದಿದ್ದ ಫೋಟೋಗಳನ್ನ ತೋರಿಸಿದ. ಒಂದು ನರಿ. ಕಾಡುಮೇಕೆಯ ಹಿಂಭಾಗ. ಇನ್ನೊಂದು ಕಾಡುಮೇಕೆಯ ಹಿಂಭಾಗ. ಇದನ್ನ ಕಾಯೋಕೆ ಸಂಬಳ ಬೇರೆ! ಆಮೇಲೆ ಚಿರತೆ ಬಂತು.

"ಇಡೀ ವರ್ಷಕ್ಕೆ ಇದೊಂದೇ ಅಕ್ಕಾ! ಬಾಲ ನೋಡಿ ಎಷ್ಟುದ್ದ!" ಅಂದವನು ನಾಲಿಗೆ ಕಚ್ಚಿಕೊಂಡ. "ಅವನು ದಾಟಿ ಅರ್ಧ ಗಂಟೆ ಆಗಿತ್ತು ಅಷ್ಟೇ."

ಚಿರತೆ ತಲೆ ಬಗ್ಗಿಸಿ ನೆಲ ಮೂಸ್ತಿತ್ತು. ನೆಲದ ಹೊಸ ಹಿಮದಲ್ಲಿ ಬೂಟಿನ ಗುರುತು, ಸಾಲಾಗಿ ಏಳು. ಹಿಮ್ಮಡಿ ಬೆಟ್ಟದ ಕಡೆಗೆ, ಬೆರಳ ತುದಿ ಕೆಳಗೆ ಇಳಿಜಾರಿಗೆ. ಹೆಜ್ಜೆ ದೂರ ದೂರ ಬಿದ್ದಿತ್ತು. ಅವಸರದಲ್ಲಿದ್ದ.

ಜೊತೆಗಾರ ಇನ್ನೂ ಬಾಲ ನೋಡ್ತಿದ್ದ. ನಾನು ಹೇಳಲಿಲ್ಲ.

ಹೊರಗೆ ಬಂದು ನಿಂತೆ. ಅಮ್ಮನ ಫೋನು.

"ನೋಡಿದ್ಯಾ? ನನ್ನ ನೋಡೋಕೆ ಬರ್ತಿದ್ನಾ ಅವನು?"

"ಇಲ್ಲಮ್ಮಾ. ಡ್ಯೂಟಿ ಮೇಲಿದ್ದ. ಮೇಲಕ್ಕೆ ಹೋಗ್ತಿದ್ದ."

"ಹೋಗ್ಲಿ ಬಿಡು," ಅಂದಳು. "ನಾನೇ ಹುಚ್ಚಿ. ಬರ್ತಿದ್ದ ಅಂದ್ಕೊಂಡು ಇಷ್ಟು ದಿನ ಹೇಗೋ ಇದ್ದೆ."

ಬಾಯಿ ತೆರೆದೆ. ಆಮೇಲೆ, ಚಳಿ ಜಾಸ್ತಿ ಇದೆ ಅಮ್ಮಾ, ಇಡ್ತೀನಿ ಅಂದೆ.